ನಲವತ್ತೇಳನೇ ನಂಬರಿನ ಪಂಚು

ಪತ್ರ
ಕುಣಿಗಲ್, ೬ ಜನವರಿ ೨೦೨೫

ಪ್ರಿಯ ಷಡಕ್ಷರಿ,

ಕಾರ್ಖಾನೆ ಮುಚ್ಚಿ ಐದೂವರೆ ವರ್ಷವಾಯಿತು. ಮೊದಮೊದಲು ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ, ಅದೂ ನಿಂತಿತು. ಮುನಿಸಿನಿಂದಲ್ಲ, ಕಿವಿಯಿಂದ. ಟೆಸ್ಟ್ ಬೆಂಚಿನ ಪಕ್ಕದಲ್ಲಿ ಇಪ್ಪತ್ತನಾಲ್ಕು ವರ್ಷ ಕಬ್ಬಿಣ ಕೆತ್ತುವ ಸದ್ದು ಕುಡಿದ ಕಿವಿಗಳು ಹೋದ ವರ್ಷ ಪೂರ್ತಿ ಕೈಕೊಟ್ಟವು. ಇಲ್ಲಿ ಕೆರೆ ಏರಿಯ ಹತ್ತಿರ ಕುಕ್ಕರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಸೀಟಿ ಬಂತೋ ಇಲ್ಲವೋ ಎಂದು ತಿಳಿಯಲು ಆವಿಗೆ ಬೆರಳೊಡ್ಡುವ ಕುಕ್ಕರ್ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು.

ವಿಷಯಕ್ಕೆ ಬರುತ್ತೇನೆ. ಗುಬ್ಬಿಯ ಹೊರಗೆ ಹೆದ್ದಾರಿ ಪಕ್ಕ ಮೂಡಲಗಿರಿಯಪ್ಪ ಎಂಬುವವರ ಪಂಚರ್ ಅಂಗಡಿ ಇದೆ. ಡಿಸೆಂಬರ್ ಹದಿನೇಳರಂದು ಅವರ ಗಾಳಿ ಟ್ಯಾಂಕು ಒಡೆದು ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಟ್ಯಾಂಕು ನಮ್ಮ ಕಾರ್ಖಾನೆಯದು. ಅದರ ಪ್ಲೇಟಿನ ಮೇಲೆ ಪರೀಕ್ಷೆಯ ದಿನಾಂಕ ೧೪ ಮಾರ್ಚ್ ೨೦೧೪. ಪಕ್ಕದಲ್ಲಿ ಪರೀಕ್ಷೆ ಮಾಡಿದವನ ಉಕ್ಕಿನ ಪಂಚಿನಿಂದ ಹೊಡೆದ ಅಂಕಿ, ೪೭. ನನ್ನ ನಂಬರು. ಹಳೆಯ ರಿಜಿಸ್ಟರನ್ನೂ ಹುಡುಕಿ ತೆಗೆಸಿದ್ದಾರೆ. ಅದರಲ್ಲಿ ಸಮಯ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ.

ಇದೇ ೨೭ನೇ ತಾರೀಖು ಸೋಮವಾರ ತುಮಕೂರಿನಲ್ಲಿ ತನಿಖಾಧಿಕಾರಿ ಲಕ್ಷ್ಮೀನರಸಿಂಹಯ್ಯನವರ ಮುಂದೆ ಹಾಜರಾಗಲು ನನಗೆ ನೋಟಿಸ್ ಬಂದಿದೆ. ಆ ೪೭ ಹೊಡೆದವರು ಯಾರು ಎಂದು ಅಲ್ಲಿ ಖಚಿತವಾದರೆ ಅವರ ಹೆಸರು ಪೊಲೀಸ್ ಕೇಸಿಗೆ ಸೇರುತ್ತದೆ.

ಫೋನಿನಲ್ಲಿ ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ. ಆ ದಿನ ಶುಕ್ರವಾರ.

ಎರಡೇ ಪ್ರಶ್ನೆ ಕೇಳುತ್ತೇನೆ. ಆ ದಿನ ನೀನು ಶಿಫ್ಟಿನಲ್ಲಿದ್ದೆಯಾ? ನನ್ನ ೪೭ರ ಪಂಚು ನಿನ್ನ ಹತ್ತಿರ ಇದೆಯಾ?

ನೀನು ಬರೆಯುವವನಲ್ಲ. ಮಾತಾಡಿಯೇ ಕಳಿಸು. ಮಗಳು ಮುಬಶ್ಶಿರಾ ಕೇಳಿ, ಒಂದಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಾಳೆ. ನನ್ನ ಕಾಗದಗಳ ಫೋಟೋ ತೆಗೆದು ನಿನಗೆ ಕಳಿಸುವವಳೂ ಅವಳೇ.

ಶಶಿಕಲಾ ಅವರಿಗೆ ಜೈನಬ್ ಸಲಾಂ ಹೇಳಿದ್ದಾಳೆ.

ನಿನ್ನ
ನಯಾಜ್ ಅಹಮದ್


ವಾಯ್ಸ್ ನೋಟ್, ಒಂಬತ್ತು ನಿಮಿಷ
ಮರಳೂರು, ತುಮಕೂರು, ೮ ಜನವರಿ

ಲೋ ನಯಾಜು, ಏನ್ಲಾ ನೀನು! ಇಷ್ಟು ವರ್ಷ ಆದ್ಮೇಲೆ ಕಾಗ್ದ ಬರ್ದಿದೀಯ, ಅದೂ ತಾಲ್ಲೂಕಾಫೀಸಿಂದ ಬಂದಂಗೆ. ‘ವಿಷಯಕ್ಕೆ ಬರುತ್ತೇನೆ’ ಅಂತೆ! ಕಾಲೋನೀಲಿ ರಾಜ್ಯೋತ್ಸವದ ಬೋರ್ಡ್ ಬರ್ದೂ ಬರ್ದೂ ನಿನ್ ಕೈ ಹಂಗಾಗ್ಬಿಟ್ಟೈತೆ. ಮುಬಶ್ಶಿರಾ, ಮಗಾ, ಕೇಳ್ತಿರೋಳು ನೀನೇ ಅಲ್ವಾ? ನಿಮ್ಮಪ್ಪನ್ ಕನ್ನಡ ನನ್ ಕನ್ನಡಕ್ಕಿಂತ ಚೆನ್ನಾಗೈತೆ ಅಂತ ಮೊದ್ಲು ಬರ್ಕೊ. ನಾನು ಟೈಪ್ ಮಾಡಕ್ಕೋದ್ರೆ ಈ ದಪ್ಪ ಬೆರಳಿಗೆ ಒಂದಕ್ಷರ ಒತ್ತಿದ್ರೆ ಮೂರು ಬೀಳ್ತವೆ. ಬಾಯಿರೋವಾಗ ಬೆರಳ್ಯಾಕೆ ಬುಡು.

ಕಿವಿ ವಿಷ್ಯ ಓದಿ ಬೇಜಾರಾಯ್ತು ಕಣೋ. ಆದ್ರೆ ನಮ್ ಶಾಪಲ್ಲಿ ಯಾರಿಗ್ ತಾನೆ ಕೇಳ್ತಿತ್ತು ಹೇಳು? ಎಲ್ಲಾ ಕೈಸನ್ನೆ. ಹೊಟ್ಟೆ ಮೇಲೆ ಕೈ ಇಟ್ರೆ ಕ್ಯಾಂಟೀನು. ಮೀಸೆ ಮೇಲೆ ಬೆರಳಾಡ್ಸಿದ್ರೆ ಮ್ಯಾನೇಜರ್ ಬತ್ತಾವ್ನೆ. ನಾನು ಮನೆಗ್ ಬಂದೂ ಶಶಿಕಲಾಗೆ ಸನ್ನೇಲೇ ಸಾರು ಕೇಳ್ತಿದ್ದೆ. ‘ಬಾಯಿ ಫ್ಯಾಕ್ಟ್ರೀಲೇ ಬಿಟ್ ಬಂದ್ರಾ’ ಅನ್ನೋಳು. ಈಗ ಅವ್ಳೇ ಹೇಳ್ತಾಳೆ, ಬಾಯಿ ವಾಪಸ್ ಬಂದಿದ್ದೇ ತಪ್ಪಾಯ್ತು ಅಂತ.

ಹೋದ್ ತಿಂಗ್ಳು ಗುಬ್ಬಿ ಕಡೆ ಹೋಗಿದ್ದೆ. ಬೈಕು ತಾನಾಗೇ ನಮ್ ಟ್ಯಾಂಕ್ ಕಾಲೋನಿ ಕಡೆ ತಿರುಗ್ತು. ನೋಡ್ಬಾರ್ದು ಕಣೋ. ಕ್ವಾರ್ಟರ್ಸಿನ ಬಾಗಿಲು ಕಿಟಕಿ ಎಲ್ಲಾ ಕಿತ್ಕೊಂಡೋಗವ್ರೆ. ನಿಮ್ಮನೆ ಮುಂದಿನ ಕರ್ಬೇವು ಮಾತ್ರ ಮಾಳಿಗೆ ಮೀರಿ ಬೆಳ್ದೈತೆ. ಸೈರನ್ ಕಂಬ ಐತಲ್ಲ, ಅದರ್ ತಲೆಗೆ ಹೆಜ್ಜೇನು ಕಟ್ಟೈತೆ, ಇಷ್ಟಗಲ! ನಂಗೆ ನಗು ಬಂತು. ಏನ್ ಜೋರಾಗ್ ಕೂಗ್ತಿತ್ತು ಅದು. ಮೊದ್ಲ್ ಸೈರನ್ನಿಗೆ ಹಾಲು, ಎರಡ್ನೇದಕ್ಕೆ ಗೇಟು, ಮಧ್ಯಾಹ್ನದ್ ಸೈರನ್ನಿಗೆ ಹೆಂಗಸ್ರು ಮುದ್ದೆಗೆ ಎಸರಿಡೋರು. ಸುತ್ತ ಹಳ್ಳಿಯೋರು ಹೊಲದಲ್ಲಿ ಎತ್ತು ಬಿಚ್ತಿದ್ದಿದ್ದೂ ಅದಕ್ಕೇ. ಮುಷ್ಕರದ್ ವರ್ಷ ಮೂರ್ ತಿಂಗ್ಳು ಸೈರನ್ ಇಲ್ದೆ, ಮಕ್ಳು ಸ್ಕೂಲಿಗೆ ಲೇಟಾಗಿ ಹೆಡ್ಮೇಷ್ಟ್ರು ಯೂನಿಯನ್ ಆಫೀಸಿಗೇ ಬಂದು ಜಗಳ ಆಡಿರ್ಲಿಲ್ವ?

ಆ ಪೇಂಟ್ ಶಾಪ್ ಇದ್ದ ಜಾಗದಲ್ಲಿ ನಿಂತ್ಕೊಂಡೆ. ಅದು ನಮ್ಮಪ್ಪನ ರಾಗಿ ಹೊಲ. ಎಪ್ಪತ್ತೊಂಬತ್ರಲ್ಲಿ ಫ್ಯಾಕ್ಟ್ರಿಗೆ ಬುಟ್ಕೊಟ್ಟಿದ್ದಕ್ಕೇ ತೊಂಬತ್ತೈದ್ರಲ್ಲಿ ನಂಗ್ ಕೆಲ್ಸ ಸಿಕ್ಕಿದ್ದು. ನಮ್ಮಪ್ಪ ಸಾಯೋವರ್ಗೂ ಹೇಳೋನು, ‘ಲೇ, ನಾನು ರಾಗಿ ಬೆಳ್ದೆ, ನೀನು ಗಾಳಿ ತುಂಬೋ ಡಬ್ಬ ಮಾಡ್ತೀಯಲ್ಲೋ’ ಅಂತ. ಈಗ ಅಲ್ಲಿ ರಾಗೀನೂ ಇಲ್ಲ, ಡಬ್ಬಾನೂ ಇಲ್ಲ, ಪಾರ್ಥೇನಿಯಂ.

ಆಯ್ತಪ್ಪಾ, ನಿನ್ ಪ್ರಶ್ನೆ. ಹತ್ತು ವರ್ಷದ್ ಹಿಂದಿನ್ ಮಾರ್ಚಿ ಹದ್ನಾಲ್ಕು ಯಾರಿಗ್ ನೆನ್ಪಿರುತ್ತೋ? ನಂಗೆ ಮೊನ್ನೆ ತಿಂದಿದ್ದೇ ನೆನ್ಪಿಲ್ಲ. ಪಂಚಾ? ನನ್ ಹತ್ರ ಇಲ್ಲ ಕಣೋ. ಮುಚ್ಚಿದ್ ದಿನದ್ ಗಲಾಟೇಲಿ ಎಲ್ಲಾ ಸ್ಕ್ರ್ಯಾಪಿಗೆ ಹೋಯ್ತು.

ನೀನೊಂದ್ ಕೆಲ್ಸ ಮಾಡು. ‘ನೆನಪಿಲ್ಲ ಸಾರ್’ ಅನ್ನು. ಕಿವಿ ಕೇಳಲ್ಲ ಅನ್ನು. ಶುಕ್ರವಾರದ್ ವಿಷ್ಯ ಮಾತ್ರ ಬಾಯಿ ಬುಡ್ಬೇಡ, ಇಬ್ರೂ ಸಿಕ್ಕಾಕ್ಕೊಂತೀವಿ. ಇನ್ನೊಂದು ಹೇಳ್ಲಾ? ನಾನಿಲ್ಲಿ ಕೋರದ್ ಹತ್ರ ಒಂದ್ ಫ್ಯಾಕ್ಟ್ರೀಲಿ ಕ್ವಾಲಿಟಿ ಸೆಕ್ಷನ್ನಲ್ಲಿದೀನಿ. ಐದ್ ವರ್ಷ ಕಂತ್ರಾಟು. ಫೆಬ್ರವರಿ ಒಂದ್ರಿಂದ ಪರ್ಮನೆಂಟ್ ಆರ್ಡರ್. ಐವತ್ತಕ್ಕೆ ಯಾರ್ ಕೊಡ್ತಾರೋ ಪರ್ಮನೆಂಟು? ಹಳೇ ಕೆಲ್ಸದ್ ವಿಚಾರ ಎಲ್ಲಾ ಚೆಕ್ ಮಾಡ್ತಾವ್ರೆ. ಅದ್ಕೇ ಹೇಳ್ದೆ. ಇಡ್ತೀನಿ ಕಣೋ. ಜೈನಬ್ ತಂಗ್ಯಮ್ಮಂಗೆ ಹೇಳು, ಅವ್ರ್ ಕೈ ಶ್ಯಾವಿಗೆ ಇನ್ನೂ ನಾಲ್ಗೆ ಮೇಲೈತೆ ಅಂತ.


ಪತ್ರ
ಕುಣಿಗಲ್, ೧೧ ಜನವರಿ

ಪ್ರಿಯ ಷಡಕ್ಷರಿ,

ಮುಬಶ್ಶಿರಾ ಏಳು ಪುಟ ಬರೆದುಕೊಟ್ಟಳು. ಓದುತ್ತಾ ಹೆಜ್ಜೇನಿಗೆ ನಕ್ಕೆ. ಆಮೇಲೆ ಒಂದು ಸಾಲಿನಲ್ಲಿ ನಿಂತೆ. ಹೋದ ತಿಂಗಳು ಗುಬ್ಬಿ ಕಡೆ ಹೋಗಿದ್ದೆ ಎನ್ನುತ್ತೀಯ. ಟ್ಯಾಂಕು ಒಡೆದದ್ದೂ ಹೋದ ತಿಂಗಳು. ನಾನು ನಿನಗೆ ಬರೆದದ್ದು ಈ ತಿಂಗಳು. ನಿನಗೆ ಮೊದಲೇ ಗೊತ್ತಿತ್ತೇ?

ನೀನು ನೆನಪಿಲ್ಲ ಎಂದೆ. ದಿನ ನೆನಪಿರಬೇಕಾಗಿಲ್ಲ, ಪದ್ಧತಿ ನೆನಪಿರಲೇಬೇಕು. ಬೇರೆ ಯಾರಿಗೂ ಗೊತ್ತಿರದ ಅದನ್ನು ಇಲ್ಲಿ ಬರೆದಿಡುತ್ತೇನೆ. ಈ ಕಾಗದ ಓದುತ್ತಿರುವ ಮಗಳಿಗೂ ತಿಳಿಯಲಿ.

ಟ್ಯಾಂಕಿಗೆ ಕುತ್ತಿಗೆವರೆಗೆ ನೀರು ತುಂಬಿಸಿ, ಪಂಪಿನಿಂದ ಒತ್ತಡ ಏರಿಸಿ, ಹತ್ತು ನಿಮಿಷ ಗೇಜಿನ ಮುಳ್ಳು ನೋಡುತ್ತಾ ನಿಲ್ಲುವುದು ನಮ್ಮ ಕೆಲಸ. ಮುಳ್ಳು ಕದಲದಿದ್ದರೆ, ಬೆಸುಗೆ ಬೆವರದಿದ್ದರೆ, ಪ್ಲೇಟಿನ ಮೇಲೆ ಪಂಚಿಟ್ಟು ಸುತ್ತಿಗೆಯಿಂದ ಒಂದೇಟು. ನಿನ್ನದು ೪೬, ನನ್ನದು ೪೭. ಒಬ್ಬರ ಪಂಚನ್ನು ಇನ್ನೊಬ್ಬರು ಮುಟ್ಟಿದರೆ ಸಸ್ಪೆಂಡ್. ಆದರೂ ಸೋಮವಾರ ಬೆಳಿಗ್ಗೆ ನೀನು ಸಿದ್ಧಗಂಗೆಯ ಬೆಟ್ಟ ಹತ್ತಿ ಬರುವ ತನಕ ನಿನ್ನ ಪಾಲಿನ ಟ್ಯಾಂಕುಗಳಿಗೆ ೪೬ ಹೊಡೆಯುತ್ತಿದ್ದವನು ನಾನು. ಶುಕ್ರವಾರ ಮಧ್ಯಾಹ್ನ ನಾನು ಗುಬ್ಬಿಯ ಮಸೀದಿಗೆ ಸೈಕಲ್ ತುಳಿದು ಹೋಗಿ ಬರುವ ತನಕ ೪೭ ಹೊಡೆಯುತ್ತಿದ್ದವನು ನೀನು. ಕೊಡುವಾಗ ಮಾತಿಲ್ಲ. ಮುಷ್ಟಿ ಕೆಳಮುಖ ಮಾಡಿ ಇನ್ನೊಬ್ಬನ ಅಂಗೈಯಲ್ಲಿ ಬಿಡುವುದು.

ಅದಕ್ಕೊಂದು ಕಟ್ಟಳೆ ಮಾಡಿದವನು ನೀನೇ. ‘ನನ್ ನಂಬ್ರಾದ್ರೆ ಹತ್ ನಿಮಿಷ, ನಿನ್ ನಂಬ್ರಾದ್ರೆ ಹದಿನೈದು. ಬೇರೆಯವ್ನ ಹೆಸ್ರು ಕೈಲಿರೋವಾಗ ಜಾಸ್ತಿ ನಿಲ್ಬೇಕು ಕಣೋ’ ಎಂದಿದ್ದೆ. ಆ ಮಾತಿಗೇ ನಾನು ಹತ್ತೊಂಬತ್ತು ವರ್ಷ ನಿಶ್ಚಿಂತೆಯಿಂದ ನಮಾಜಿಗೆ ನಿಂತೆ.

ಕಾರ್ಖಾನೆ ಮುಚ್ಚಿದ್ದೂ ಶುಕ್ರವಾರವೇ. ನಾನು ಮಸೀದಿಯಿಂದ ಬರುವಷ್ಟರಲ್ಲಿ ಗೇಟಿಗೆ ಬೀಗ, ಹೊರಗೆ ಜನ. ೪೭ ನಿನ್ನ ಜೇಬಿನಲ್ಲಿತ್ತು. ‘ಕಳೆದುಹೋಗಿದೆ’ ಎಂದು ಬರೆದು ಸಹಿ ಹಾಕಿ ನಾನು ಲೆಕ್ಕ ಚುಕ್ತಾ ಮಾಡಿಸಿಕೊಂಡೆ. ಅದು ಸ್ಕ್ರ್ಯಾಪಿಗೆ ಹೋಗಲು ಬೀಗ ಬಿದ್ದ ಮೇಲೆ ಯಾರೂ ಒಳಗೇ ಹೋಗಲಿಲ್ಲವಲ್ಲ?

ಕೇಸಿಗೆ ಹೆದರಿ ಕೇಳುತ್ತಿಲ್ಲ. ಹೆದರಿಕೆ ಇಲ್ಲವೆಂದಲ್ಲ, ಜೈನಬ್ ರಾತ್ರಿ ನಿದ್ದೆ ಮಾಡುತ್ತಿಲ್ಲ. ಆದರೆ ಮೊದಲು ತಿಳಿಯಬೇಕಾದದ್ದು ಬೇರೆ. ಆ ದಿನ ಹದಿನೈದು ನಿಮಿಷ ನಿಂತೆಯಾ?

ನಯಾಜ್


ವಾಯ್ಸ್ ನೋಟ್, ನಾಲ್ಕು ನಿಮಿಷ
ಮರಳೂರು, ೧೫ ಜನವರಿ

ಏನ್ ನಯಾಜು, ನಾನೇನ್ ಆರೋಪಿನಾ? ಸಂಕ್ರಾಂತಿಗೆ ಎಳ್ಳು ಬೀರ್ತಾರೆ, ನೀನು ಪ್ರಶ್ನೆ ಬೀರ್ತೀಯ.

ಇದ್ದೆ. ಬೆಂಚಲ್ಲಿದ್ದೆ. ಸಾಕಾ? ಹದಿನೈದಲ್ಲ, ಇಪ್ಪತ್ ನಿಮಿಷ ನಿಂತೆ. ಮುಳ್ಳು ಅಳ್ಳಾಡ್ಲಿಲ್ಲ. ಸಾಕಾ?

ಪೇಪರಲ್ಲಿ ನೋಡ್ದೆ ಕಣೋ, ಅದ್ಕೇ ಗುಬ್ಬಿಗೆ ಹೋದೆ. ನಮ್ ಟ್ಯಾಂಕಲ್ವ, ಹೊಟ್ಟೆ ಕೇಳ್ಬೇಕಲ್ಲ. ನೋಡ್ಕೊಂಡ್ ಬಂದೆ. ತುಕ್ಕು ಕಣೋ, ಬರೀ ತುಕ್ಕು. ಆ ಮೂಡಲಗಿರಿಯಪ್ಪ ಹತ್ ವರ್ಷದಲ್ಲಿ ಒಂದ್ ದಿನಾನಾದ್ರೂ ಕೆಳಗಿನ್ ವಾಲ್ ತಿರುಗ್ಸಿ ನೀರ್ ಬಿಟ್ಟಿದ್ರೆ ಕೇಳು. ಗಾಳಿ ಟ್ಯಾಂಕಲ್ಲಿ ನೀರ್ ನಿಲ್ಲುತ್ತೆ, ದಿನಾ ಬಿಡ್ಬೇಕು ಅಂತ ಪ್ಲೇಟಲ್ಲೇ ಬರ್ದೈತೆ. ಯಾರ್ ಓದ್ತಾರೆ? ಅವ್ರವ್ರ್ ತಪ್ಪಿಗೆ ನಾವ್ ಹೆಂಗ್ ಹೊಣೆ? ಆಸ್ಪತ್ರೆಗೆ ಹೋದ್ಯಾ ಅಂತ ಮಾತ್ರ ಕೇಳ್ಬೇಡ. ಹೋಗ್ಲಿಲ್ಲ. ಹೋಗಿ ಏನಂತ ಹೇಳ್ಲಿ?

ಇನ್ನೊಂದ್ ಮಾತು. ಇಪ್ಪತ್ನಾಲ್ಕ್ ವರ್ಷ ನನ್ ನಲವತ್ತಾರೂ ನಿನ್ ಕೈಲಿತ್ತು. ನಾನ್ ಬೆಟ್ಟದಿಂದ್ ಇಳ್ದ್ ಬಂದು ಒಂದಿನಾನಾದ್ರೂ ‘ಎಷ್ಟ್ ನಿಮಿಷ ನಿಂತೆ’ ಅಂತ ಕೇಳಿದ್ನಾ? ಕೇಳಿದ್ನಾ ಹೇಳು? ನಿಂಗೇನಪ್ಪಾ, ನಿಂದು ಸ್ವಂತ ಅಂಗ್ಡಿ. ನನ್ ಫೆಬ್ರವರಿ ಒಂದು ಹೋದ್ರೆ ನಂಗೆ ಇನ್ಯಾವ್ ಫೆಬ್ರವರೀನೂ ಬರಲ್ಲ.

ಪಂಚು ಇಲ್ಲ ಅಂದ್ಮೇಲೆ ಇಲ್ಲ. ಸಾಕು ಬುಡು.

…………………………
…………………………


ಮುಬಶ್ಶಿರಾ ಕಳಿಸಿದ್ದು
ಕುಣಿಗಲ್, ೧೬ ಜನವರಿ

ಷಡಕ್ಷರಿ ಅಂಕಲ್‌ಗೆ ನಮಸ್ಕಾರ. ಇದು ಅಬ್ಬಾಗೆ ತಿಳಿಯದಂತೆ ಬರೆಯುತ್ತಿರುವುದು.

ನಿನ್ನೆಯ ವಾಯ್ಸ್ ನೋಟ್‌ನಲ್ಲಿ ನೀವು ‘ಸಾಕು ಬುಡು’ ಎಂದಮೇಲೆ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಇನ್ನೂ ಮೂವತ್ತೆಂಟು ಸೆಕೆಂಡ್ ಇದೆ. ಫೋನನ್ನು ಕೆಳಗಿಟ್ಟ ಸದ್ದು, ಆಮೇಲೆ ಶಶಿಕಲಾ ಆಂಟಿಯ ಧ್ವನಿ. ಆ ಮಾತುಗಳನ್ನು ಇಲ್ಲಿ ಹಾಗೇ ಬರೆಯುತ್ತೇನೆ.

‘ನಯಾಜಣ್ಣಂಗ್ ಯಾಕ್ರೀ ಸುಳ್ ಹೇಳ್ತೀರಾ? ಆ ಪಂಚು ದೇವ್ರ ಗೂಡಲ್ಲೇ ಐತಲ್ಲ. ಆಯುಧಪೂಜೆಗೆ ವಿಭೂತಿ ಇಡ್ತೀನಿ ನಾನೇ.’

‘ಸುಮ್ನಿರೇ.’

‘ಸುಮ್ನಿದ್ದೂ ಇದ್ದೂ ನೀವು ಊಟ ಬಿಟ್ ತಿಂಗ್ಳಾಯ್ತು.’

‘ಏನ್ ಹೇಳ್ಲೇ? ಟ್ಯಾಂಕಿಗೆ ನೀರೇ ತುಂಬಿರ್ಲಿಲ್ಲ, ಸುಮ್ನೆ ಹೊಡ್ದೆ ಅಂತ ಯಾವ್ ಬಾಯಲ್ ಹೇಳ್ಲಿ?’

ಇಷ್ಟೇ. ಇದನ್ನು ನಾನು ಅಬ್ಬಾಗೆ ಬರೆದುಕೊಡಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಚುಕ್ಕಿ ಇಟ್ಟು ಖಾಲಿ ಬಿಟ್ಟಿದ್ದೇನೆ. ‘ಇದೇನು’ ಎಂದು ಅಬ್ಬಾ ಬೆರಳಿಟ್ಟು ಕೇಳಿದರು. ‘ಸರಿಯಾಗಿ ಕೇಳಿಸಲಿಲ್ಲ’ ಎಂದು ಬರೆದು ತೋರಿಸಿದೆ. ಕಿವಿ ಕೇಳದವರಿಗೆ ನಾನು ಹೇಳಿದ ಮೊದಲ ಸುಳ್ಳು ಇದು.

ಕಾಲೋನಿಯಲ್ಲಿ ನನಗೆ ಸೈಕಲ್ ಕಲಿಸಿದವರು ನೀವು. ಹಿಂದಿನಿಂದ ಹಿಡಿದಿದ್ದೇನೆ ಎನ್ನುತ್ತಲೇ ಬಿಟ್ಟುಬಿಟ್ಟಿದ್ದಿರಿ. ಆಗ ನಾನು ಬೀಳಲಿಲ್ಲ. ಈಗ ಅಬ್ಬಾ ಬೀಳುತ್ತಾರೆ. ಆ ಸಾಲುಗಳನ್ನು ತುಂಬಬೇಕಾದವರು ನೀವು. ೨೭ರವರೆಗೆ ಕಾಯುತ್ತೇನೆ. ಆಮೇಲೆ ನಾನೇ ತುಂಬುತ್ತೇನೆ.

ಮುಬಶ್ಶಿರಾ


ಪತ್ರ
ಕುಣಿಗಲ್, ೨೧ ಜನವರಿ

ಪ್ರಿಯ ಷಡಕ್ಷರಿ,

ಆರು ದಿನದಿಂದ ನಿನ್ನ ಮಾತಿಲ್ಲ. ನಿನ್ನಂಥವನು ಆರು ದಿನ ಸುಮ್ಮನಿದ್ದಾನೆಂದರೆ ನನಗೆ ಉತ್ತರ ಬಂದಂತೆಯೇ.

ನಾನು ನಿನ್ನಿಂದ ಒಂದನ್ನು ಮುಚ್ಚಿಟ್ಟಿದ್ದೆ. ನನಗೆ ಗೊತ್ತಿಲ್ಲದ್ದನ್ನು ಕೇಳುವವನಂತೆ ನಟಿಸಿದೆ. ಅದನ್ನು ಈಗ ಹೇಳುತ್ತೇನೆ.

ಆ ಶುಕ್ರವಾರ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಬೋರಿನ ಮೋಟಾರು ಸುಟ್ಟಿತ್ತು. ನಾನು ಹಿಂದಿರುಗಿದಾಗ ಒಂದೂ ಮುಕ್ಕಾಲು. ಲಾರಿಗೆ ಏರಿಸಲು ಹನ್ನೆರಡು ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ನೀರು ತುಂಬಿ ಇಳಿಸಿದ ಟ್ಯಾಂಕು ಗಂಟೆಗಟ್ಟಲೆ ನೆಗಡಿಯಾದ ಮಗುವಿನಂತೆ ಸೋರುತ್ತಿರುತ್ತದೆ. ಹನ್ನೊಂದು ಸೋರುತ್ತಿದ್ದವು. ಕೊನೆಯದರ ಕೆಳಗೆ ನೆಲ ಒಣಗಿತ್ತು. ಅದರ ಬಾಯಿಯೊಳಗೆ ಬೆರಳು ಹಾಕಿ ನೋಡಿದೆ. ಒಣ ಧೂಳು. ಪ್ಲೇಟಿನ ಮೇಲೆ ಹೊಸದಾಗಿ ಹೊಳೆಯುತ್ತಿದ್ದ ೪೭.

ನೀನು ನನ್ನ ಕಡೆ ನೋಡದೆ ಪಂಚನ್ನು ಅಂಗೈಗೆ ಬಿಟ್ಟೆ. ನಾನು ಕೇಳಬಹುದಿತ್ತು. ಒಂದು ಕೈಸನ್ನೆ ಸಾಕಿತ್ತು, ಲಾರಿ ನಿಲ್ಲುತ್ತಿತ್ತು. ಕೇಳಿದರೆ ನಿನಗೂ ನನಗೂ ಮಾತಾಗುತ್ತದೆ, ಮಾತಾದರೆ ನನ್ನ ಶುಕ್ರವಾರ ಹೋಗುತ್ತದೆ ಎಂದು ಸುಮ್ಮನಾದೆ. ಆ ದಿನ ನಮಾಜಿನಿಂದ ಬಂದವನು ನಾನು. ಅಲ್ಲಾಹನ ಮುಂದೆ ಬಾಗಿದ ಹಣೆಯ ಗುರುತು ಆರುವ ಮೊದಲೇ ಆ ಟ್ಯಾಂಕನ್ನು ಲಾರಿಗೆ ಬಿಟ್ಟೆ.

ಒಡೆದದ್ದು ಕೆಳಗಿನ ತುಕ್ಕಿನಲ್ಲಿ ಅಲ್ಲ. ನೋಟಿಸಿನ ಜೊತೆ ಫೋಟೋ ಇದೆ. ಉದ್ದದ ಬೆಸುಗೆ ಬಿಚ್ಚಿಕೊಂಡಿದೆ. ಅಲ್ಲೊಂದು ಕಡೆ ಬೆಸುಗೆ ಮೊದಲಿನಿಂದಲೇ ಕೂಡಿರಲಿಲ್ಲ. ನೀರು ತುಂಬಿ ನಿಂತಿದ್ದರೆ ಆ ಜಾಗ ಬೆವರುತ್ತಿತ್ತು. ನೀನೂ ಅದನ್ನು ನೋಡಿಕೊಂಡೇ ಬಂದಿದ್ದೀಯ.

ಆದ್ದರಿಂದ ತೀರ್ಮಾನ ಮಾಡಿದ್ದೇನೆ. ಸೋಮವಾರ ‘೪೭ ನಾನೇ, ಹೊಡೆದವನೂ ನಾನೇ’ ಎಂದು ಬರೆದುಕೊಡುತ್ತೇನೆ. ನೋಡಿಯೂ ಬಿಟ್ಟವನು ಹೊಡೆದವನಿಗಿಂತ ಕಡಿಮೆಯೇನಲ್ಲ. ನೀನು ಬರಬೇಡ. ನಿನ್ನ ಫೆಬ್ರವರಿ ಒಂದು ನಿನಗಿರಲಿ.

ನಯಾಜ್

(ಅಂಕಲ್, ಅಬ್ಬಾ ಬರೆದದ್ದನ್ನು ಫೋಟೋ ತೆಗೆಯುವಾಗ ಓದಿದೆ. ಆ ಎರಡು ಸಾಲು ಇನ್ನೂ ಖಾಲಿ ಇವೆ. - ಮು.)


ನೋಟ್‌ಬುಕ್ಕಿನಿಂದ
೨೩ ಜನವರಿ

ಮಧ್ಯಾಹ್ನ ಷಡಕ್ಷರಿ ಅಂಕಲ್‌ರಿಂದ ವಾಯ್ಸ್ ನೋಟ್, ಮೂರು. ನಾನು ಕೇಳುವ ಮೊದಲೇ ಮೂರನ್ನೂ ಅಳಿಸಿದ್ದಾರೆ.


ವಾಯ್ಸ್ ನೋಟ್, ಐದು ನಿಮಿಷ
ಕೋರ, ೨೫ ಜನವರಿ

ಮುಬಶ್ಶಿರಾ, ಮಗಾ. ಮೊದ್ಲು ನಿಂಗೆ. ಆ ಎರಡ್ ಸಾಲು ಸಾಕಾಗಲ್ಲ, ಇನ್ನೊಂದ್ ಪುಟ ತಗೋ. ಎಲ್ಲಾ ಬರಿ. ನಾನ್ ತಡವರ್ಸಿದ್ರೆ ಅದನ್ನೂ ಬರಿ.

ನಯಾಜು. ಫ್ಯಾಕ್ಟ್ರಿ ಹೊರಗೆ ಟೀ ಅಂಗಡಿ ಹಿಂದೆ ನಿಂತಿದೀನಿ. ಮನೇಲಿ ಮಾತಾಡಕ್ ಆಗ್ಲಿಲ್ಲ.

ನೀನು ಅರ್ಧ ನೋಡಿದೀಯ ಕಣೋ. ನೆಲ ಒಣಗಿದ್ದು ನೋಡ್ದೆ. ಇನ್ನರ್ಧ ನಿಂಗ್ ಗೊತ್ತಿಲ್ಲ. ಅದ್ ಗೊತ್ತಿದ್ದಿದ್ರೆ ‘ನೀನು ಬರಬೇಡ’ ಅಂತ ಬರೀತಿರ್ಲಿಲ್ಲ.

ಮೋಟಾರ್ ಸುಟ್ಟಿತ್ತು, ಸರಿ. ಸಂಪಲ್ಲಿದ್ದ ನೀರಲ್ಲಿ ಒಂದರ ನೀರು ಇನ್ನೊಂದಕ್ಕೆ ಇಳ್ಸಿ ಇಳ್ಸಿ, ನೀನಿದ್ದಾಗ ಆಗಿದ್ದೂ ಸೇರಿ, ಹನ್ನೊಂದ್ ಮಾಡ್ದೆ. ಆಣೆಗೂ ನಿನ್ ಟ್ಯಾಂಕು ಒಂದೊಂದಕ್ಕೂ ಹದಿನೈದ್ ನಿಮಿಷ ನಿಂತೆ. ಸೋರಿ ಸೋರಿ ಹನ್ನೆರಡ್ನೇದಕ್ಕೆ ನೀರ್ ಉಳೀಲಿಲ್ಲ, ಪಂಪ್ ಗಾಳಿ ಎಳೀತಿತ್ತು. ಲಾರಿಯೋನು ಹಾರ್ನ್ ಒತ್ತಾವ್ನೆ. ಸೂಪರ್ವೈಸರ್ ಬಂದು ಗಡಿಯಾರ ತೋರ್ಸ್ದ. ನಂಗ್ ಹೊಟ್ಟೆ ಹಸೀತಿತ್ತು. ಇಷ್ಟೇ ಕಾರಣ. ಇನ್ನೇನೂ ದೊಡ್ ಕಾರಣ ಇಲ್ಲ ಕಣೋ. ಹುಡುಕ್ದೆ, ಸಿಗ್ಲಿಲ್ಲ.

ಈಗ ಕೇಳು. ಆ ಹನ್ನೆರಡ್ನೇ ಟ್ಯಾಂಕು ನಿನ್ ಪಾಲಿಂದಲ್ಲ. ನಂದು.

ನಂದಕ್ಕೆ ನಂದೇ ನಲವತ್ತಾರು ಹೊಡೀಬೇಕು. ನಲವತ್ತಾರು ಎಡಗೈಲೇ ಇತ್ತು. ಪ್ಲೇಟ್ ಮೇಲಿಟ್ಟೆ, ಸುತ್ತಿಗೆ ಎತ್ತಿದೆ, ಕೈ ಬರ್ಲಿಲ್ಲ. ಟೆಸ್ಟೇ ಮಾಡ್ದಲೇ ನನ್ ನಂಬ್ರ ಹೊಡೀಲಾ ಅಂತ ಭಯ ಆಯ್ತು. ಅದನ್ ತೆಗ್ದೆ. ಜೇಬಿಂದ ನಿಂದು ತೆಗ್ದು ಇಟ್ಟೆ. ಒಂದೇ ಏಟು. ರಿಜಿಸ್ಟರಲ್ಲೂ ನಿನ್ ಸಾಲಲ್ಲೇ ಬರ್ದೆ.

ಬೇರೆಯವ್ನ ಹೆಸ್ರು ಕೈಲಿರೋವಾಗ ಜಾಸ್ತಿ ನಿಲ್ಬೇಕು ಅಂತ ಹೇಳ್ದೋನು ನಾನೇ. ಬೇರೆಯವ್ನ ಹೆಸ್ರು ಕೈಲಿದ್ರೆ ಎಷ್ಟ್ ಸಲೀಸು ಅಂತ ತಿಳ್ಕೊಂಡೋನೂ ನಾನೇ.

ನಿನ್ ಪಂಚು ದೇವ್ರ ಗೂಡಲ್ಲೈತೆ. ಶಶಿಕಲಾ ವಿಭೂತಿ ಇಟ್ಟಾಗೆಲ್ಲ ನಾನ್ ಆಚೆ ಹೋಗ್ತಿದ್ದೆ. ಮೂಡಲಗಿರಿಯಪ್ಪನ ಆಸ್ಪತ್ರೆಗೂ ಹೋಗಿದ್ದೆ, ಅದೂ ಸುಳ್ ಹೇಳ್ದೆ ನಿಂಗೆ. ವಾರ್ಡ್ ಬಾಗ್ಲಲ್ಲಿ ನಿಂತು ನೋಡ್ದೆ. ಹೆಂಡ್ತಿ ಬಂದು ‘ಯಾರ್ ಬೇಕಿತ್ತಣ್ಣ’ ಅಂದ್ರು. ‘ಬೇರೆ ವಾರ್ಡು’ ಅಂದ್ಬಿಟ್ಟು ಬಂದೆ.

ಸೋಮವಾರ ಬರ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಬರ್ತೀನಿ ಅಂತ ಹೇಳಿ ಬರ್ದೇ ಇದ್ರೆ ಅದೊಂದ್ ಸುಳ್ಳಾಗುತ್ತೆ. ಅದ್ಕೇ ಹೇಳ್ತಿಲ್ಲ. ಆದ್ರೆ ‘ಹೊಡೆದವನೂ ನಾನೇ’ ಅಂತ ಮಾತ್ರ ಬರೀಬೇಡ ಕಣೋ. ದಮ್ಮಯ್ಯ. ನನ್ ಸುಳ್ಳೇ ಸಾಕು, ಅದರ್ ಮೇಲೆ ನಿಂದೊಂದು ಬೇಡ.


ಪತ್ರ
ಕುಣಿಗಲ್, ೨೮ ಜನವರಿ

ಪ್ರಿಯ ಷಡಕ್ಷರಿ,

ನಿನ್ನೆ ನೀನು ಮೆಟ್ಟಿಲಿಳಿದು ಹೋಗುವುದನ್ನು ನೋಡಿದೆ. ಕೂಗಲಿಲ್ಲ. ಕೂಗಿದರೆ ನೀನೇನಾದರೂ ಹೇಳುತ್ತಿದ್ದೆ, ನನಗದು ಕೇಳುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ನಿನ್ನ ಮಾತು ಬರೆದ ಪುಟಗಳನ್ನು ಶನಿವಾರ ನನ್ನ ಮುಂದಿಟ್ಟು ಅಡುಗೆಮನೆಗೆ ಹೋದಳು. ಓದಿ ನಿನ್ನ ಮೇಲೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಹನ್ನೆರಡನೆಯದು ನಿನ್ನದು ಎಂಬ ಸಾಲಿನ ಮೇಲೆ ನನ್ನ ಬೆರಳು ತುಂಬ ಹೊತ್ತು ನಿಂತಿತ್ತು. ಭಾನುವಾರ ಅಂಗಡಿ ತೆರೆಯಲಿಲ್ಲ.

ಸೋಮವಾರ ಹನ್ನೊಂದಕ್ಕೆ ನನ್ನನ್ನು ಕರೆದರು. ವರಾಂಡದ ಬೆಂಚುಗಳಲ್ಲಿ ನೀನಿರಲಿಲ್ಲ. ಬಾಗಿಲ ಕಡೆ ನೋಡಬಾರದೆಂದುಕೊಂಡು ಮೂರು ಸಲ ನೋಡಿದೆ. ಲಕ್ಷ್ಮೀನರಸಿಂಹಯ್ಯನವರು ಒಳ್ಳೆಯವರು, ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ‘೪೭ ನೀವೇನಾ? ಈ ಟ್ಯಾಂಕಿಗೆ ಪಂಚು ಹೊಡೆದವರು ನೀವೇನಾ?’ ಮೊದಲನೆಯದಕ್ಕೆ ಹೌದು ಎಂದು ಬರೆದೆ. ಎರಡನೆಯದರ ಮುಂದೆ ಪೆನ್ನು ನಿಂತಿತು. ಏನು ಬರೆಯುತ್ತಿದ್ದೆನೋ ಈಗಲೂ ಗೊತ್ತಿಲ್ಲ.

ಆಗ ನನ್ನ ಭುಜದ ಪಕ್ಕದಿಂದ ಒಂದು ಕೈ ಬಂತು. ಮುಷ್ಟಿ ಕೆಳಮುಖವಾಗಿತ್ತು. ತೋರುಬೆರಳಿನ ತುದಿಯಿಲ್ಲದ ಎಡಗೈ, ತೊಂಬತ್ತೊಂಬತ್ತರಲ್ಲಿ ತಗಡು ಕತ್ತರಿಸುವ ಶಿಯರಿಂಗ್ ಮಷೀನಿಗೆ ಕೊಟ್ಟದ್ದು. ಕೈ ಮೇಜಿನ ಮೇಲೆ ತೆರೆದುಕೊಂಡಿತು. ವಿಭೂತಿ ಮೆತ್ತಿದ ೪೭.

ನಿನ್ನ ತುಟಿ ಸ್ವಲ್ಪವೇ ಅಲುಗಿತು. ಇಷ್ಟು ವರ್ಷದಲ್ಲಿ ನೀನು ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಮುಬಶ್ಶಿರಾ ಚೀಟಿಯಲ್ಲಿ ಬರೆದು ಸರಿಸಿದಳು.

‘ನಂಬ್ರ ಅವ್ನದು ಸಾರ್. ಏಟು ನಂದು.’

ಆಮೇಲೆ ನನ್ನ ಸರದಿ. ನೆಲ ಒಣಗಿದ್ದನ್ನು ಬರೆದೆ. ಬೆರಳಿಗೆ ಧೂಳು ಹತ್ತಿದ್ದನ್ನು ಬರೆದೆ. ನನ್ನನ್ನು ತಡೆಯಲು ನೀನು ಎರಡು ಸಲ ಕೈಸನ್ನೆ ಮಾಡಿದೆ. ನೋಡಿಯೂ ನೋಡದಂತಿದ್ದೆ, ಅದರಲ್ಲಿ ನನಗೆ ಹಳೆಯ ಅಭ್ಯಾಸವಿದೆ. ಇಬ್ಬರಿಂದಲೂ ಬೇರೆಬೇರೆ ಹೇಳಿಕೆ ಬರೆಸಿಕೊಂಡು ಸಹಿ ತೆಗೆದುಕೊಂಡರು. ಪಂಚನ್ನು ಬಟ್ಟೆಯ ಚೀಲದಲ್ಲಿ ಹಾಕಿ ಅರಗು ಮುದ್ರೆ ಒತ್ತಿದರು. ಕೇಸಿನಲ್ಲಿ ಇನ್ನು ಒಂದಲ್ಲ, ಎರಡು ಹೆಸರು. ಮುಂದೇನು ಎಂದು ಅವರಿಗೂ ಗೊತ್ತಿಲ್ಲ. ಶಶಿಕಲಾ ಅವರು ಬೆಳಿಗ್ಗೆ ಮುಬಶ್ಶಿರಾಗೆ ಫೋನ್ ಮಾಡಿದ್ದರು. ನೀನು ಕೋರದ ಕಾರ್ಖಾನೆಗೆ ನೀನಾಗಿಯೇ ಹೋಗಿ ಹೇಳಿ ಬಂದೆಯಂತೆ. ಫೆಬ್ರವರಿ ಒಂದರ ಆರ್ಡರ್ ಇಲ್ಲವಂತೆ. ನಿನ್ನೆ ರಾತ್ರಿ ಎರಡು ಮುದ್ದೆ ಉಂಡೆಯಂತೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಬರಲಿಲ್ಲ. ಕ್ಷಮಿಸಬೇಕಾದವನು ನಾನೊಬ್ಬನೇ ಅಲ್ಲ, ಮೊದಲನೆಯವನಂತೂ ಅಲ್ಲ.

ಮೂಡಲಗಿರಿಯಪ್ಪನವರನ್ನು ಮನೆಗೆ ಕಳಿಸಿದ್ದಾರೆ. ಮನೆ ಗುಬ್ಬಿಯಲ್ಲಿ, ಮಸೀದಿಯಿಂದ ಹತ್ತು ನಿಮಿಷದ ದಾರಿ. ಈ ಶುಕ್ರವಾರ ನಾನು ಅಲ್ಲೇ ನಮಾಜ್ ಮಾಡುತ್ತೇನೆ. ನೀನು ಬಂದು ಹೊರಗೆ ನಿಂತಿರು. ಮುಗಿಸಿ ಬರುತ್ತೇನೆ, ಇಬ್ಬರೂ ಅವರ ಬಾಗಿಲಿಗೆ ಹೋಗೋಣ. ಯಾರು ಬೇಕಿತ್ತು ಎಂದು ಅವರ ಹೆಂಡತಿ ಕೇಳಿದರೆ ಈ ಸಲ ಸರಿಯಾದ ಉತ್ತರ ಕೊಡಬೇಕು. ನನಗೆ ಪ್ರಶ್ನೆ ಕೇಳಿಸುವುದಿಲ್ಲ, ಬಾಯಿ ನೀನೇ ಆಗಬೇಕು. ಆದರೆ ನಾನು ಪಕ್ಕದಲ್ಲಿ ನಿಂತಿರುತ್ತೇನೆ. ನನ್ನ ಬದಲಿಗೆ ನೀನು, ನಿನ್ನ ಬದಲಿಗೆ ನಾನು ಎನ್ನುವುದು ಇನ್ನು ಸಾಕು.

ನಯಾಜ್


ವಾಯ್ಸ್ ನೋಟ್, ಆರು ಸೆಕೆಂಡ್
ಮರಳೂರು, ೨೮ ಜನವರಿ

ಆಯ್ತು ಕಣೋ. ಹನ್ನೆರಡೂವರೆಗೇ ಬಂದು ನಿಂತಿರ್ತೀನಿ.